ಇಂಜೆಕ್ಷನ್ ಬಾವಿಯ ನೀರು ಎಲ್ಲಿಗೆ ಹೋಗುತ್ತಿದೆ? ಲಾಗ್ ಮಾಡಿ ನೋಡುವ ಬಗೆ

ಮುಂಬೈ ಬಳಿ ಸಮುದ್ರದಲ್ಲಿರುವ ಎಣ್ಣೆ ಕ್ಷೇತ್ರ ಮುಂಬೈ ಹೈನಲ್ಲಿ 1984ರಿಂದ, ಬಂಡೆಯೊಳಗಿನ ಎಣ್ಣೆಯನ್ನು ತಳ್ಳಿ ಹೊರತರಲು, ಸಮುದ್ರದ ನೀರನ್ನು ಸೋಸಿ, ಆಮ್ಲಜನಕ ತೆಗೆದು ಇಂಜೆಕ್ಷನ್ ಬಾವಿಗಳಿಗೆ ಒತ್ತುತ್ತಿದ್ದಾರೆ. ಅಲ್ಲಿ ಎಣ್ಣೆ ಇರುವ ಎಲ್-3 ಎಂಬ ಸುಣ್ಣಕಲ್ಲು ಒಂದೇ ದಪ್ಪ ಬಂಡೆ ಅಲ್ಲ, ನಡುನಡುವೆ ಶೇಲ್ (ನೀರು ಸುಲಭವಾಗಿ ದಾಟದ ಜೇಡಿಕಲ್ಲು) ಪಟ್ಟಿಗಳಿವೆ. ಹಾಗಾಗಿ ಮೇಲಿನ ಮೀಟರ್ ಸರಿಯಾದ ಲೆಕ್ಕ ತೋರಿಸುತ್ತಿದ್ದರೂ, ಕೆಳಗೆ ಒಂದೇ ಪದರ ಎಲ್ಲ ನೀರನ್ನೂ ಕುಡಿದುಬಿಡಬಹುದು. ಪಕ್ಕದ ಪದರದ ಎಣ್ಣೆ ಅಲ್ಲೇ ಉಳಿಯುತ್ತದೆ. ಯಾವ ಪದರ ಕುಡಿಯುತ್ತಿದೆ ಅಂತ ತಿಳಿಯಲು ಲಾಗ್ ಮಾಡಬೇಕು, ಅಂದರೆ ಕೇಬಲ್‌ನಲ್ಲಿ ಉಪಕರಣ ಇಳಿಸಿ ಒಂದೊಂದು ಆಳದಲ್ಲೂ ಅಳೆಯಬೇಕು.

ಮೊದಲು ಡಮ್ಮಿ ಟೂಲ್ (ದಾರಿ ಸರಿ ಇದೆಯಾ ಅಂತ ನೋಡಲು ಇಳಿಸುವ ಖಾಲಿ ಉಪಕರಣ) ಇಳಿಸಿ. ಬಾವಿಯ ಒಳಗಿನ ಉಕ್ಕಿನ ಕೊಳವೆಗೆ ಕೇಸಿಂಗ್ ಅಂತಾರೆ, ನೀರು ಬಂಡೆಗೆ ಹೋಗಲು ಅದರಲ್ಲಿ ಮಾಡಿದ ತೂತುಗಳೇ ಪರ್ಫೊರೇಷನ್. ತಳದ ಪರ್ಫೊರೇಷನ್ ಮುಟ್ಟುವ ಮೊದಲೇ ಕೇಬಲ್ ತೂಕ ಇಳಿಯಿತಾ? ತಳದಿಂದ ಅಲ್ಲಿಯವರೆಗೆ ಕೆಸರು, ಮರಳು ತುಂಬಿದೆ ಅಂತ ಲೆಕ್ಕ. ಎಷ್ಟೋ ಸಲ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಆಳವನ್ನು ಗಾಮಾ ರೇ (ಬಂಡೆಯ ಸಹಜ ವಿಕಿರಣ ಅಳೆಯುವ ಉಪಕರಣ) ಮತ್ತು ಕಾಲರ್ ಲೊಕೇಟರ್ (ಕೇಸಿಂಗ್‌ನ ಜೋಡಣೆಗಳನ್ನು ಗುರುತಿಸುವ ಉಪಕರಣ) ಜೊತೆ ಹೊಂದಿಸಿಕೊಳ್ಳಿ.

ಆಮೇಲೆ ಸ್ಪಿನ್ನರ್, ಅಂದರೆ ನೀರಿನ ಹರಿವಿಗೆ ತಿರುಗಿ ವೇಗ ಹೇಳುವ ಪುಟ್ಟ ಚಕ್ರ. ಪಂಪ್ ದರ ಒಂದೇ ಸಮ ಇರಲಿ. ನಿಮಿಷಕ್ಕೆ 10, 20, 30 ಮೀಟರ್‌ನಂತೆ ಬೇರೆ ಬೇರೆ ವೇಗದಲ್ಲಿ ಇಳಿಸುತ್ತಲೂ ಏರಿಸುತ್ತಲೂ ಓಡಿಸಿ. ಒಂದೇ ಪಾಸ್ (ಒಂದು ಸಲದ ಓಟ) ನಂಬಿ ವರದಿ ಬರೆಯಬೇಡಿ. ಪೈಪಿನ ನಡುವೆ ನೀರಿನ ವೇಗ ಜಾಸ್ತಿ, ಅದಕ್ಕೇ ಸರಾಸರಿ ವೇಗ ಸಿಗಲು ಸ್ಪಿನ್ನರ್ ಕೊಟ್ಟ ವೇಗವನ್ನು ಸುಮಾರು 0.83ರಿಂದ ಗುಣಿಸಬೇಕು. ವೇಗ ಎಲ್ಲಿ ಕುಸಿಯುತ್ತದೋ ಅಲ್ಲಿ ನೀರು ಹೊರಗೆ ಹೋಗುತ್ತಿದೆ.

ಆದರೆ ಸ್ಪಿನ್ನರ್‌ಗೆ ಕಾಣುವುದು ಕೇಸಿಂಗ್ ಒಳಗಿನ ನೀರು ಮಾತ್ರ. ಕೇಸಿಂಗ್ ಮತ್ತು ಬಂಡೆಯ ನಡುವಿನ ಸಿಮೆಂಟ್ ಕೆಟ್ಟು ಕೇಸಿಂಗ್ ಹಿಂದೆ ನೀರು ಮೇಲೇರಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಅಲ್ಲಿಗೆ ತಾಪಮಾನದ ಲಾಗ್ ಬೇಕು. ಒತ್ತುತ್ತಿರುವಾಗ ಇಡೀ ಬಾವಿ ತಣ್ಣಗೇ ಇರುತ್ತದೆ, ನೀರು ತಲುಪುವ ಕೊನೆಯ ಆಳ ಬಿಟ್ಟರೆ ಹೆಚ್ಚೇನೂ ತಿಳಿಯದು. ಬಾವಿ ಮುಚ್ಚಿ 6, 12, 24 ಗಂಟೆಗೆ ಮತ್ತೆ ಓಡಿಸಿ. ನೀರು ಕುಡಿಯದ ಬಂಡೆ ಬೇಗ ಬಿಸಿಯಾಗುತ್ತದೆ, ಕುಡಿದದ್ದು ತಣ್ಣಗೇ ಉಳಿಯುತ್ತದೆ. ಪರ್ಫೊರೇಷನ್‌ಗಿಂತ ಹತ್ತು ಮೀಟರ್ ಮೇಲೂ ತಂಪು ಹಾಗೇ ನಿಂತಿದ್ದರೆ ಕೇಸಿಂಗ್ ಹಿಂದಿನ ದಾರಿಯ ಮೇಲೇ ಮೊದಲ ಅನುಮಾನ ಬರಬೇಕು. ಮುಚ್ಚಿದ ಮೇಲೂ ಸ್ಪಿನ್ನರ್ ತಿರುಗುತ್ತಿದೆಯಾ? ಹಾಗಿದ್ದರೆ ಒಂದು ಪದರದಿಂದ ಇನ್ನೊಂದಕ್ಕೆ ನೀರು ಹರಿಯುತ್ತಿದೆ.

ಇಂಜೆಕ್ಷನ್ ನಿಲ್ಲಿಸಿ ಕಾಯುವುದು ಯಾರಿಗೂ ಇಷ್ಟ ಇಲ್ಲ. ಗಂಟೆ ಕಡಿಮೆ ಮಾಡಿ ಅಂತ ಒತ್ತಾಯ ಬಂದೇ ಬರುತ್ತದೆ. ದಯವಿಟ್ಟು ಒಪ್ಪಬೇಡಿ. ನನ್ನ ಪ್ರಕಾರ ಇಡೀ ಕೆಲಸದ ಬೆಲೆ ಇರುವುದೇ ಈ ಕಾಯುವಿಕೆಯಲ್ಲಿ. ಆಮೇಲೂ ಅನುಮಾನ ಉಳಿದರೆ ಅಯೋಡಿನ್-131 ಟ್ರೇಸರ್ (ಜಾಡು ಹಿಡಿಯಲು ಬಳಸುವ ವಿಕಿರಣಶೀಲ ವಸ್ತು) ನೀರಿಗೆ ಸೇರಿಸಿ ಗಾಮಾ ಡಿಟೆಕ್ಟರ್‌ನಿಂದ ಅದರ ಜಾಡು ಹಿಡಿಯಬಹುದು. ಅದರ ಅರ್ಧಾಯುಷ್ಯ ಸುಮಾರು 8 ದಿನ, ಹಾಗಾಗಿ ಮೊದಲೇ ತರಿಸಿಟ್ಟುಕೊಳ್ಳಲು ಆಗುವುದಿಲ್ಲ.

ವರದಿಯಲ್ಲಿ ಸ್ಪಿನ್ನರ್ ಮತ್ತು ತಾಪಮಾನದ ಗೆರೆಗಳನ್ನು ಒಂದೇ ಹಾಳೆಯಲ್ಲಿ ಹಾಕಿ. ಕೆಸರು ತುಂಬಿದ್ದರೆ ಕಾಯಿಲ್ಡ್ ಟ್ಯೂಬಿಂಗ್‌ನಿಂದ (ಸುರುಳಿ ಬಿಚ್ಚಿ ಬಾವಿಗಿಳಿಸುವ ಉದ್ದ ಕೊಳವೆ) ತೊಳೆಯಬೇಕು, ಪರ್ಫೊರೇಷನ್ ಕಟ್ಟಿದ್ದರೆ ಆಸಿಡ್ ಹಾಕಬೇಕು, ಕೇಸಿಂಗ್ ಹಿಂದೆ ದಾರಿ ಇದ್ದರೆ ಸಿಮೆಂಟ್ ಸ್ಕ್ವೀಜ್ ಮಾಡಬೇಕು, ಅಂದರೆ ಒತ್ತಡದಲ್ಲಿ ಸಿಮೆಂಟ್ ತುಂಬಿ ಆ ದಾರಿ ಮುಚ್ಚಬೇಕು. ಆ ಮೂರನೆಯದಕ್ಕೆ ಆಸಿಡ್ ಹಾಕಿದರೆ ಕಳ್ಳದಾರಿ ಇನ್ನಷ್ಟು ಅಗಲ ಆಗುತ್ತದೆ.