ಪಾರ್ಕಿನ ಮರ ನೋಡಿಕೊಳ್ಳುವ ತಂಡ: ಗಿಡ ನೆಡುವ ಮುಂಚಿನ ಕೆಲಸಗಳು

ಪಾರ್ಕಿಗೊಂದು ತಂಡ ಕಟ್ಟಿದ ಕೂಡಲೇ ಎಲ್ಲರೂ ಕೇಳುವುದು, ಎಷ್ಟು ಗಿಡ ನೆಡೋಣ ಅಂತ. ಮೊದಲ ವರ್ಷ ಒಂದೂ ಬೇಡ. ಜುಲೈನ ವನಮಹೋತ್ಸವದಲ್ಲಿ ನೆಟ್ಟ ಸಸಿ ಒಣಗುವುದು ಮಾರ್ಚ್‌ನಲ್ಲಿ, ಆಗ ಯಾರು ನೀರು ಹಾಕಬೇಕೆಂದು ಯಾರೂ ಗೊತ್ತುಮಾಡಿರುವುದಿಲ್ಲ. ಇರುವ ಮರಗಳಿಂದ ಶುರುಮಾಡಿ.

ಬೆಂಗಳೂರಿನಲ್ಲಿ ಪಾರ್ಕು ಪಾಲಿಕೆಯ ತೋಟಗಾರಿಕೆ ವಿಭಾಗದ್ದು. ಮರ ಕಡಿಯುವ, ಕೊಂಬೆ ಸವರುವ ವಿಚಾರ ಅರಣ್ಯ ವಿಭಾಗದ್ದು. ಎರಡಕ್ಕೂ ಬೇರೆ ಬೇರೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ ಮರಕ್ಕೆ ಹಾನಿ ಮಾಡುವುದನ್ನೂ ಕಡಿದಂತೆಯೇ ಎಣಿಸುತ್ತದೆ. ಹಾಗಾಗಿ ಒಳ್ಳೆಯ ಉದ್ದೇಶದ ಗರಗಸಕ್ಕೂ ವೃಕ್ಷ ಅಧಿಕಾರಿಯ ಒಪ್ಪಿಗೆ ಇರಲಿ.

ನಂತರ ಮರಗಣತಿ. ಕಾಂಡಕ್ಕೆ ನಂಬರಿನ ತಗಡು ಹೊಡೆಯಬೇಡಿ, ನಕ್ಷೆಯಲ್ಲಿ ಬರೆದುಕೊಂಡರೆ ಸಾಕು. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಸುತ್ತಳತೆ ತೆಗೆಯಿರಿ. ಬುಡದಲ್ಲಿ ಅಣಬೆ, ಪೊಟರೆ, ಒಣಕೊಂಬೆ, ಮೊಳೆ, ಬದನಿಕೆ (ಕೊಂಬೆಯ ಮೇಲೆ ಬೆಳೆದು ಮರದ ರಸ ಹೀರುವ ಗಿಡ) ಕಂಡರೆ ಗುರುತು ಮಾಡಿಕೊಳ್ಳಿ.

ಹೆಚ್ಚು ಪ್ರಯೋಜನ ಕಾಣುವುದು ಬುಡದ ಕಾಂಕ್ರೀಟ್ ತೆಗೆದಾಗ. ಕಾಂಡದಿಂದ ಸುತ್ತಲೂ ಕನಿಷ್ಠ ಒಂದು ಮೀಟರ್ ಬಿಡಿಸಬೇಕು. ಉಳಿ, ಸುತ್ತಿಗೆ, ಸಣ್ಣ ಹಾರೆ ಸಾಕು. ಯಂತ್ರ ತಂದರೆ ಚಪ್ಪಡಿಯ ಜೊತೆ ಬೇರೂ ಕಿತ್ತುಬರುತ್ತದೆ. ಹೊರ ಅಂಚಿನಿಂದ ಒಳಕ್ಕೆ ಬನ್ನಿ. ಹೆಬ್ಬೆರಳಿಗಿಂತ ದಪ್ಪದ ಬೇರು ಸಿಕ್ಕರೆ ಅದನ್ನು ಕಡಿಯದೆ ಸುತ್ತಲ ಮಣ್ಣನ್ನು ಕೈಯಿಂದ ಬಿಡಿಸಿ. ಖಾಲಿಯಾದ ಜಾಗಕ್ಕೆ ಮಣ್ಣು ಏರಿಸಿ ಕಟ್ಟೆ ಕಟ್ಟುವ ಆಸೆ ಬರುತ್ತದೆ, ತಡೆದುಕೊಳ್ಳಿ. ಬೇರಿಗೆ ಗಾಳಿಯಾಡದೆ, ಬುಡದ ತೊಗಟೆ ಕೊಳೆತು ಮರ ಎಷ್ಟೋ ವರ್ಷಗಳ ಮೇಲೆ ಸಾಯುತ್ತದೆ; ಅಷ್ಟರಲ್ಲಿ ಕಟ್ಟೆಯೇ ಕಾರಣವೆಂದು ಯಾರಿಗೂ ಹೊಳೆಯುವುದಿಲ್ಲ. ತರಗೆಲೆಯನ್ನು ಮೂರು ನಾಲ್ಕು ಇಂಚು ಹರಡಿ, ಕಾಂಡದಿಂದ ಒಂದು ಗೇಣು ದೂರವಿಡಿ.

ಮೊಳೆ ಕೀಳುವಾಗ ಸುತ್ತಿಗೆಯ ಕೊಕ್ಕೆಯಡಿ ಮರದ ತುಂಡೊಂದನ್ನಿಟ್ಟರೆ ತೊಗಟೆ ಜಜ್ಜುವುದಿಲ್ಲ. ತೊಗಟೆ ನುಂಗಿಬಿಟ್ಟ ಮೊಳೆಯನ್ನು ಹಾಗೇ ಬಿಡಿ. ಗಾಯಕ್ಕೆ ಪೇಂಟು, ಡಾಂಬರು ಬಳಿಯುವುದು ಬೇಡ. ದೀಪದ ಸರ ನಿಲ್ಲಿಸಲು ಮರಕ್ಕೆ ಬಿಗಿದ ಕಟ್ಟುತಂತಿಯನ್ನಂತೂ ಮೊದಲು ಕತ್ತರಿಸಿ.

ಬದನಿಕೆಯ ಅಂಟುಬೀಜವನ್ನು ಹಕ್ಕಿಗಳು ಕೊಂಬೆಗೆ ಒರೆಸಿ ಹೋಗುತ್ತವೆ. ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ, ಅದರ ಬೇರು ಕೊಂಬೆಯೊಳಗಿದೆ. ಅಂಟಿದ ಜಾಗದಿಂದ ಸುಮಾರು ಒಂದು ಅಡಿ ಕಾಂಡದ ಕಡೆಗೆ ಸರಿದು, ಹಣ್ಣಾಗುವ ಮುಂಚೆ ಕೊಂಬೆಯನ್ನೇ ತೆಗೆಯಬೇಕು. ಅದು ತರಬೇತಾದವರ ಕೆಲಸ. ಸ್ವಯಂಸೇವಕರ ಕಾಲು ನೆಲ ಬಿಡಬಾರದು. ಕೈಗೆಟಕುವ ಕೊಂಬೆಗೆ ಮೂರು ಕೊಯ್ತ: ಕಾಂಡದಿಂದ ಒಂದು ಅಡಿ ದೂರದಲ್ಲಿ ಅಡಿಯಿಂದ ಮೂರನೇ ಒಂದು ಭಾಗ, ಅಲ್ಲಿಂದ ಎರಡು ಇಂಚು ಆಚೆ ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ಮೋಟನ್ನು, ಕೊಂಬೆ ಕಾಂಡಕ್ಕೆ ಸೇರುವಲ್ಲಿನ ಉಬ್ಬಿಗೆ ತಾಗದಂತೆ ಅದರ ಹೊರಗೆ. ಮೊದಲನೆಯದನ್ನು ಬಿಟ್ಟರೆ ಕೊಂಬೆಯ ಭಾರಕ್ಕೆ ತೊಗಟೆ ಕಾಂಡದುದ್ದಕ್ಕೂ ಸೀಳುತ್ತದೆ.

ಉದುರಿದೆಲೆ ಸುಡಬೇಡಿ. ನಾಲ್ಕಡಿ ಅಗಲದ ಜಾಲರಿ ಸುತ್ತಿನಲ್ಲಿ ತುಂಬಿ, ಸಗಣಿನೀರು ಚಿಮುಕಿಸಿ, ಆಗಾಗ ತಿರುವಿಹಾಕಿ. ಒಣಗಿದ್ದರೆ ಕೊಳೆಯದು, ನಾರಿದರೆ ನೀರು ಹೆಚ್ಚಾಗಿದೆ.

ಇಷ್ಟಾದ ಮೇಲೆ, ಎರಡನೇ ವರ್ಷದ ಜೂನ್‌ನಲ್ಲಿ ನೆಡಿ. ನೀರಿನ ಸರದಿಗೆ ಎಷ್ಟು ಜನ ಹೆಸರು ಕೊಟ್ಟರೋ ಅಷ್ಟೇ ಸಸಿ. ಎರಡಡಿ ಉದ್ದ, ಅಗಲ, ಆಳದ ಗುಂಡಿ. ಮಣ್ಣಿನ ಜೊತೆ ಕಾಲುಭಾಗ ಕಳಿತ ಗೊಬ್ಬರ. ಚೀಲದಲ್ಲಿ ಸುರುಳಿ ಸುತ್ತಿದ ಬೇರುಗಳನ್ನು ಬಿಡಿಸಿ, ಚೀಲದ ಮಣ್ಣು ಮುಟ್ಟಿದ್ದ ಬುಡದ ಗೆರೆ ನೆಲಮಟ್ಟದಲ್ಲೇ ಇರಲಿ. ಹೊಂಗೆ, ನೇರಳೆಗೆ 25 ಅಡಿ ಅಂತರ ಬೇಕು. ವಿದ್ಯುತ್ ತಂತಿಯಡಿ ಪಾರಿಜಾತದಂಥ ಗಿಡ್ಡ ಜಾತಿ. ಡಿಸೆಂಬರ್‌ನಿಂದ ಮಳೆ ಬರುವವರೆಗೆ ವಾರಕ್ಕೆರಡು ಸಲ 20 ಲೀಟರ್, ನಿಧಾನವಾಗಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಗಿಡಗಳಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿತ್ತು. ಸಂಸ್ಕರಿಸಿದ ನೀರು ಎಲ್ಲಿ ಸಿಗುತ್ತದೆಂದು ಮೊದಲೇ ವಿಚಾರಿಸಿಡಿ. ಊರುಗೋಲಿಗೆ ಸೆಣಬಿನ ಹುರಿಯನ್ನು ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ, ವರ್ಷದ ಮೇಲೆ ಬಿಚ್ಚಿ. ಕಬ್ಬಿಣದ ಗಾರ್ಡನ್ನು ಕಾಂಡ ತಾಗುವ ಮುಂಚೆ ತೆಗೆದು ಮುಂದಿನ ಸಸಿಗೆ ಬಳಸಬಹುದು.