ಆಪ್‌ಆಂಪ್ ಕಲಿಯುವುದು ಹೇಗೆ? ಮೊದಲು ಶೂನ್ಯವನ್ನು ಗುರುತಿಸಿ

ಮಳೆಗಾಲದ ರಜೆಗಳಲ್ಲಿ ಮಡಿಕೇರಿಯ ನಮ್ಮ ಮನೆಯ ಊಟದ ಮೇಜಿನ ಸುತ್ತ ಡಿಪ್ಲೊಮಾ ಮತ್ತು ಐಟಿಐ ಓದುವ ಮಕ್ಕಳು ಸರ್ಕ್ಯೂಟ್ ಕಟ್ಟಲು ಕೂರುವುದುಂಟು. ಆಪ್‌ಆಂಪ್ ಎಂದರೆ ಆಪರೇಷನಲ್ ಆಂಪ್ಲಿಫೈಯರ್, ವೋಲ್ಟೇಜನ್ನು ಹಿಗ್ಗಿಸುವ ಒಂದು ವರ್ಧಕ. ಅದರ ಗೇನ್ (ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬ) ಸೂತ್ರವನ್ನು ಅವರಲ್ಲಿ ಬಹುತೇಕರು ತಡವರಿಸದೆ ಹೇಳುತ್ತಾರೆ. ಬ್ರೆಡ್‌ಬೋರ್ಡಿನ (ಬೆಸುಗೆಯಿಲ್ಲದೆ ಸರ್ಕ್ಯೂಟ್ ಕಟ್ಟುವ ತೂತುಗಳ ಹಲಗೆ) ಮೇಲೆ ಐಸಿ (ಚಿಪ್) ಕೂರಿಸಿ ಬ್ಯಾಟರಿ ಜೋಡಿಸುವಾಗ ಮಾತ್ರ ಅದೇ ಮಕ್ಕಳ ಕೈ ನಿಂತುಬಿಡುತ್ತದೆ. ಕಳೆದ ಕಕ್ಕಡದಲ್ಲಿ (ಕೊಡಗಿನ ಮಳೆಗಾಲದ ತಿಂಗಳು) ಒಬ್ಬ ಹುಡುಗ ನಾಲ್ಕು 741 (ಒಂದು ಬಗೆಯ ಆಪ್‌ಆಂಪ್) ಐಸಿಗಳನ್ನು ಕಾಗದದಲ್ಲಿ ಸುತ್ತಿ ತಂದು, “ಸರ್, ನಾಲ್ಕೂ ಸುಟ್ಟುಹೋಗಿವೆ” ಎಂದ. ಎರಡೂ ಇನ್‌ಪುಟ್‌ಗಳನ್ನು ಶೂನ್ಯಕ್ಕೆ ಜೋಡಿಸಿದರೂ ಔಟ್‌ಪುಟ್ ಸೊನ್ನೆಯಾಗದೆ ಪ್ಲಸ್ ಅಥವಾ ಮೈನಸ್ 8 ವೋಲ್ಟ್ ಆಸುಪಾಸಿನಲ್ಲಿ ನಿಲ್ಲುತ್ತಿದ್ದುದೇ ಅವನ ದೂರು. ನಾಲ್ಕನ್ನೂ ಒಂದೊಂದಾಗಿ ಪರೀಕ್ಷಿಸಿದೆವು, ನಾಲ್ಕೂ ಸರಿಯಾಗಿದ್ದವು. ಅವು ತಮ್ಮ ಕೆಲಸವನ್ನು ಮಾಡುತ್ತಿದ್ದವು, ಆ ಕೆಲಸ ಏನೆಂದು ಅವನಿಗೆ ಯಾರೂ ತೋರಿಸಿರಲಿಲ್ಲ. ಈ ಲೇಖನವನ್ನು ಬರೆಯುತ್ತಿರುವುದು ಅಂಥ ಮಕ್ಕಳಿಗಾಗಿ.

ಆಪ್‌ಆಂಪ್ ಮಾಡುವುದು ಒಂದೇ ಕೆಲಸ. ತನ್ನ ಎರಡು ಇನ್‌ಪುಟ್‌ಗಳ ನಡುವಿನ ವ್ಯತ್ಯಾಸವನ್ನು ಅದು ವಿಪರೀತವಾಗಿ ಹಿಗ್ಗಿಸಿ ಔಟ್‌ಪುಟ್‌ನಲ್ಲಿ ಕೊಡುತ್ತದೆ. 741ರಲ್ಲಿ ಈ ಹಿಗ್ಗಿಸುವಿಕೆ ಸಾಮಾನ್ಯವಾಗಿ 2 ಲಕ್ಷ ಪಟ್ಟು. ಹಾಗಾದರೆ ಔಟ್‌ಪುಟ್ 8 ವೋಲ್ಟ್ ಮುಟ್ಟಲು ಇನ್‌ಪುಟ್‌ಗಳ ನಡುವೆ 40 ಮೈಕ್ರೋವೋಲ್ಟ್ ವ್ಯತ್ಯಾಸವಿದ್ದರೆ ಸಾಕು. ಆದರೆ ಐಸಿಯ ಒಳಗಿನ ಟ್ರಾನ್ಸಿಸ್ಟರ್‌ಗಳು ಪರಸ್ಪರ ಪೂರ್ತಿ ಹೊಂದಿಕೆಯಾಗದ ಕಾರಣ ಇನ್‌ಪುಟ್‌ನಲ್ಲಿ ಮೊದಲೇ ಒಂದೆರಡು ಮಿಲಿವೋಲ್ಟ್ ದೋಷ ಕೂತಿರುತ್ತದೆ. ಇದಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಎರಡೂ ಇನ್‌ಪುಟ್ ಶೂನ್ಯದಲ್ಲಿದ್ದರೂ ಔಟ್‌ಪುಟ್ ಒಂದು ತುದಿಗೆ ಓಡಿ ಅಲ್ಲಿಯೇ ನಿಲ್ಲುವುದು ಇದರಿಂದ. ಆ ಹುಡುಗನ ನಾಲ್ಕು ಐಸಿಗಳಲ್ಲಿ ಮೂರು ಮೇಲಿನ ತುದಿಗೆ, ಒಂದು ಕೆಳಗಿನ ತುದಿಗೆ ಹೋಗಿದ್ದವು.

ಇಷ್ಟು ಪುಂಡ ವರ್ಧಕವನ್ನು ಹದಕ್ಕೆ ತರುವ ಉಪಾಯ ನೆಗೆಟಿವ್ ಫೀಡ್‌ಬ್ಯಾಕ್. ಎಂದರೆ ಔಟ್‌ಪುಟ್‌ನ ಒಂದು ಪಾಲನ್ನು ಮೈನಸ್ ಇನ್‌ಪುಟ್‌ಗೆ ಮರಳಿಸುವುದು. ಅಮೆರಿಕದ ಎಂಜಿನಿಯರ್ ಹೆರಾಲ್ಡ್ ಬ್ಲ್ಯಾಕ್ 1927ರ ಆಗಸ್ಟ್‌ನಲ್ಲಿ ಕೆಲಸಕ್ಕೆ ಹೋಗುತ್ತ ಹಡ್ಸನ್ ನದಿ ದಾಟುವ ದೋಣಿಯಲ್ಲಿ ಈ ವಿಚಾರ ಹೊಳೆದು, ಕೈಯಲ್ಲಿದ್ದ ದಿನಪತ್ರಿಕೆಯ ಹಾಳೆಯ ಮೇಲೆಯೇ ಅದನ್ನು ಬರೆದಿಟ್ಟರು. ಕೂಡುವುದು, ಕಳೆಯುವುದು ಮುಂತಾದ ಗಣಿತದ ಕ್ರಿಯೆಗಳಿಗೆ ಅನಲಾಗ್ ಕಂಪ್ಯೂಟರ್‌ಗಳಲ್ಲಿ ಬಳಕೆಯಾದುದರಿಂದ ಈ ವರ್ಧಕಕ್ಕೆ ‘ಆಪರೇಷನಲ್’ ಎಂಬ ವಿಶೇಷಣ 1947ರ ಹೊತ್ತಿಗೆ ಅಂಟಿತು. ಫೇರ್‌ಚೈಲ್ಡ್ ಕಂಪನಿಯಲ್ಲಿ ಡೇವ್ ಫುಲ್ಲಗರ್ ರೂಪಿಸಿದ 741 ಬಂದುದು 1968ರಲ್ಲಿ. ಅದಕ್ಕಿಂತ ಎಷ್ಟೋ ಉತ್ತಮವಾದ ಐಸಿಗಳು ಈಗ ಸಿಗುತ್ತವಾದರೂ ಮೊದಲ ಪಾಠಕ್ಕೆ ನಾನು 741ನ್ನೇ ಕೊಡುತ್ತೇನೆ. ಅದರ ಮಿತಿಗಳು ಸಾಮಾನ್ಯ ಮಲ್ಟಿಮೀಟರಿಗೂ ಕಾಣಿಸುತ್ತವೆ.

ಸಾಮಾನು

ಒಂದು 741, ಒಂದು ಎಲ್‌ಎಂ358 (ಇನ್ನೊಂದು ಬಗೆಯ ಆಪ್‌ಆಂಪ್ ಐಸಿ), ಬಿಸಿ ಅಳೆಯುವ ಎಲ್‌ಎಂ35 ಸೆನ್ಸರ್, ಬ್ರೆಡ್‌ಬೋರ್ಡ್, 9 ವೋಲ್ಟ್‌ನ ಎರಡು ಬ್ಯಾಟರಿ ಮತ್ತು ಅವುಗಳ ಕ್ಲಿಪ್, ಒಂದಿಷ್ಟು ರೆಸಿಸ್ಟರ್, 10 ಕಿಲೋ ಓಮ್‌ನ ಪಾಟ್ (ತಿರುಗಿಸಿ ಬದಲಿಸಬಹುದಾದ ರೆಸಿಸ್ಟರ್), 104 ಎಂದು ಮುದ್ರಿಸಿರುವ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗಳು ಮತ್ತು ಮಲ್ಟಿಮೀಟರ್ ಇದ್ದರೆ ಸಾಕು. ನಮ್ಮ ಜಿಲ್ಲೆಯ ಪೇಟೆಗಳಲ್ಲಿ ಇವೆಲ್ಲ ಒಂದೇ ಕಡೆ ಸಿಗುವುದು ಕಷ್ಟ. ಬೆಂಗಳೂರಿಗೆ ಹೋಗುವವರ ಕೈಯಲ್ಲಿ ಎಸ್‌ಪಿ ರಸ್ತೆಯಿಂದ ತರಿಸಿಕೊಳ್ಳಿ. ಐಸಿಗಳನ್ನು ಎರಡೆರಡು ತರಿಸಿ. ಬ್ರೆಡ್‌ಬೋರ್ಡಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಅಗ್ಗದ ಬೋರ್ಡಿನ ಒಳಗಿನ ಕ್ಲಿಪ್‌ಗಳು ತಂತಿಯನ್ನು ಬಿಗಿಯಾಗಿ ಹಿಡಿಯುವುದಿಲ್ಲ, ನಮ್ಮ ಮಳೆಗಾಲದ ತೇವಕ್ಕೆ ಬೇಗ ಕಿಲುಬು ಹಿಡಿಯುತ್ತವೆ, ಆಮೇಲೆ ತಪ್ಪು ಸರ್ಕ್ಯೂಟಿನದೋ ಬೋರ್ಡಿನದೋ ತಿಳಿಯದೆ ಇಡೀ ಸಂಜೆ ವ್ಯರ್ಥವಾಗುತ್ತದೆ. ಕೆಲಸ ಮುಗಿದ ಮೇಲೆ ಬೋರ್ಡನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆಗೆ ಇಡಿ.

ಬ್ಯಾಟರಿಯ ಬದಲು ಮೊಬೈಲ್ ಚಾರ್ಜರ್ ಆಗದೇ ಎಂದು ಹಲವರು ಕೇಳುತ್ತಾರೆ. ಈ ಪಾಠಕ್ಕೆ ಆಗದು. 741ಕ್ಕೆ 5 ವೋಲ್ಟ್ ಸಾಲದು. ಅಗ್ಗದ ಚಾರ್ಜರ್‌ಗಳ ಔಟ್‌ಪುಟ್‌ನಲ್ಲಿ ಗದ್ದಲವೂ ಹೆಚ್ಚು. ಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಾಗಲೂ ಬ್ಯಾಟರಿಯಿಂದ ಕಲಿಕೆ ನಡೆಯುತ್ತದೆ.

ಶೂನ್ಯ ಎಲ್ಲಿದೆ?

ಹತ್ತರಲ್ಲಿ ಎಂಟು ಮಂದಿ ಎಡವುವುದನ್ನು ನಾನು ಕಂಡಿರುವುದು ಇಲ್ಲಿಯೇ. ಆದುದರಿಂದ ಇಲ್ಲಿ ನಿಧಾನವಾಗಿ ಮುಂದುವರಿಯೋಣ. 741ಕ್ಕೆ ಎಂಟು ಕಾಲುಗಳಿವೆ: 2 ಮೈನಸ್ ಇನ್‌ಪುಟ್, 3 ಪ್ಲಸ್ ಇನ್‌ಪುಟ್, 6 ಔಟ್‌ಪುಟ್, 7 ಪ್ಲಸ್ ಸಪ್ಲೈ, 4 ಮೈನಸ್ ಸಪ್ಲೈ. 1 ಮತ್ತು 5 ಆಫ್‌ಸೆಟ್ ಸರಿಪಡಿಸಲು ಇರುವವು, ಸದ್ಯಕ್ಕೆ ಬೇಡ. 8ಕ್ಕೆ ಒಳಗೆ ಸಂಪರ್ಕವೇ ಇಲ್ಲ. ಇವುಗಳಲ್ಲಿ ಗ್ರೌಂಡ್ ಎಂಬ ಕಾಲು ಇಲ್ಲದಿರುವುದನ್ನು ಗಮನಿಸಿ. ಶೂನ್ಯ ಎಲ್ಲಿದೆ ಎಂಬುದು ಆಪ್‌ಆಂಪ್‌ಗೆ ಗೊತ್ತಿಲ್ಲ, ಅದನ್ನು ನಿರ್ಧರಿಸಬೇಕಾದವರು ನಾವು.

ಮೊದಲ ಬ್ಯಾಟರಿಯ ಮೈನಸ್ ತಂತಿಯನ್ನೂ ಎರಡನೆಯ ಬ್ಯಾಟರಿಯ ಪ್ಲಸ್ ತಂತಿಯನ್ನೂ ಬ್ರೆಡ್‌ಬೋರ್ಡಿನ ಒಂದೇ ಸಾಲಿಗೆ ಚುಚ್ಚಿ. ಈ ಸಂಧಿಯೇ ನಮ್ಮ ಶೂನ್ಯ. ಮೊದಲ ಬ್ಯಾಟರಿಯಲ್ಲಿ ಉಳಿದ ಪ್ಲಸ್ ತಂತಿ ನಮ್ಮ +9, ಎರಡನೆಯದರಲ್ಲಿ ಉಳಿದ ಮೈನಸ್ ತಂತಿ ನಮ್ಮ −9. +9ನ್ನು 7ನೆಯ ಕಾಲು ಬರುವ ಸಾಲಿಗೂ −9ನ್ನು 4ನೆಯ ಕಾಲು ಬರುವ ಸಾಲಿಗೂ ಜೋಡಿಸಿ. ಎರಡೂ ಬ್ಯಾಟರಿಗಳ ಕಪ್ಪು ತಂತಿಗಳನ್ನು ಒಟ್ಟಿಗೆ ಸೇರಿಸಿ ಅದನ್ನೇ ಗ್ರೌಂಡ್ ಎಂದುಕೊಳ್ಳುವುದು ತೀರಾ ಸಾಮಾನ್ಯವಾದ ತಪ್ಪು. ಕಪ್ಪು ತಂತಿ ಎಂದರೆ ಗ್ರೌಂಡ್ ಎಂಬ ಅಭ್ಯಾಸವೇ ಇದಕ್ಕೆ ಕಾರಣ. ಹಾಗೆ ಜೋಡಿಸಿದರೆ ಎರಡು +9 ಸಿಗುತ್ತವೆಯೇ ಹೊರತು −9 ಎಲ್ಲಿಯೂ ಹುಟ್ಟುವುದಿಲ್ಲ.

ಐಸಿಯನ್ನು ಇನ್ನೂ ಕೈಯಲ್ಲಿಯೇ ಇಟ್ಟುಕೊಂಡಿರಿ. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಸಂಧಿಯಲ್ಲಿ ಇಟ್ಟು, ಮುಂದಿನ ಅಳತೆಗಳೆಲ್ಲ ಮುಗಿಯುವ ತನಕ ಅಲ್ಲಿಂದ ಅಲುಗಿಸಬೇಡಿ. ಕೆಂಪು ಕಡ್ಡಿಯನ್ನು 7ನೆಯ ಕಾಲು ಬರಬೇಕಾದ ತೂತಿನ ಸಾಲಿಗೆ ಮುಟ್ಟಿಸಿದರೆ +9, 4ನೆಯ ಕಾಲಿನ ಸಾಲಿಗೆ ಮುಟ್ಟಿಸಿದರೆ −9 ಕಾಣಬೇಕು. ಅಂಚಿನ ಉದ್ದನೆಯ ಪಟ್ಟಿಯಲ್ಲಿ ಒಂದು ತುದಿಗೆ 9 ವೋಲ್ಟ್ ಕಂಡು ಇನ್ನೊಂದು ತುದಿಗೆ ಏನೂ ಕಾಣದಿದ್ದರೆ ಗಾಬರಿಯಾಗಬೇಡಿ, ಎಷ್ಟೋ ಬೋರ್ಡುಗಳಲ್ಲಿ ಆ ಪಟ್ಟಿ ನಟ್ಟನಡುವೆ ತುಂಡಾಗಿರುತ್ತದೆ; ಒಂದು ಸಣ್ಣ ತಂತಿಯಿಂದ ಸೇರಿಸಿ. ಎರಡೂ ಅಳತೆ ಸರಿಯಿದ್ದರೆ ಬ್ಯಾಟರಿ ಬಿಡಿಸಿ, ಐಸಿಯ ತಲೆಯ ಮೇಲಿನ ಕಚ್ಚು ಮೇಲಕ್ಕಿರುವಂತೆ ಹಿಡಿದು (ಆಗ ಎಡಗಡೆಯ ಮೊದಲ ಕಾಲೇ 1) ಕೂರಿಸಿ. 7 ಮತ್ತು ಶೂನ್ಯದ ನಡುವೆ ಒಂದು, 4 ಮತ್ತು ಶೂನ್ಯದ ನಡುವೆ ಇನ್ನೊಂದು 104 ಕೆಪಾಸಿಟರನ್ನು ಕಾಲುಗಳಿಗೆ ಆದಷ್ಟು ಹತ್ತಿರದಲ್ಲಿ ಹಾಕಿ. ಇದನ್ನು ಬಿಟ್ಟರೂ ನಡೆಯುತ್ತದೆ ಎನ್ನುವವರಿದ್ದಾರೆ. ಒಂದು ದಿನ ನಡೆಯುತ್ತದೆ, ಇನ್ನೊಂದು ದಿನ ಔಟ್‌ಪುಟ್ ತಾನಾಗಿ ಕಂಪಿಸತೊಡಗುತ್ತದೆ, ಮಲ್ಟಿಮೀಟರ್ ಅರ್ಥವಿಲ್ಲದ ಅಂಕಿ ತೋರಿಸುತ್ತದೆ. ಹಾಕಿಯೇ ಮುಂದುವರಿಯಿರಿ. ಆದರೆ ಸಪ್ಲೈ ತಿರುವುಮುರುವಾದರೆ ಐಸಿ ನಿಜವಾಗಿಯೂ ಸುಡಬಹುದು.

ಹಿಂಬಾಲಿಸುವ ಸರ್ಕ್ಯೂಟ್

6ನೆಯ ಕಾಲಿನಿಂದ 2ನೆಯ ಕಾಲಿಗೆ ಒಂದು ತಂತಿ ಹಾಕಿ. ಫೀಡ್‌ಬ್ಯಾಕ್ ಎಂದರೆ ಇಷ್ಟೇ. ಈಗ 3ನೆಯ ಕಾಲಿಗೆ ಕೊಟ್ಟ ವೋಲ್ಟೇಜ್ 6ರಲ್ಲಿ ಹಾಗೆಯೇ ಕಾಣುತ್ತದೆ. ಇದ್ದುದನ್ನೇ ಮರಳಿ ಕೊಡುವುದರಿಂದ ಏನು ಲಾಭ ಎನ್ನುವವರು ಹೀಗೆ ಮಾಡಿ ನೋಡಲಿ: +9 ಮತ್ತು ಶೂನ್ಯದ ನಡುವೆ 100 ಕಿಲೋ ಓಮ್‌ನ ಎರಡು ರೆಸಿಸ್ಟರ್‌ಗಳನ್ನು ಒಂದರ ಹಿಂದೊಂದು ಹಾಕಿದರೆ ಮಧ್ಯದಲ್ಲಿ 4.5 ವೋಲ್ಟ್ ಇರುತ್ತದೆ; ಅಲ್ಲಿಂದ ಶೂನ್ಯಕ್ಕೆ 10 ಕಿಲೋ ಓಮ್ ಜೋಡಿಸಿದ ತಕ್ಷಣ ಅದು 0.75 ವೋಲ್ಟ್‌ಗೆ ಕುಸಿಯುತ್ತದೆ. ಅದೇ ಮಧ್ಯಬಿಂದುವನ್ನು 3ನೆಯ ಕಾಲಿಗೆ ಕೊಟ್ಟು 10 ಕಿಲೋ ಓಮ್‌ನ್ನು 6ರಿಂದ ಶೂನ್ಯಕ್ಕೆ ಹಾಕಿದರೆ 4.5 ವೋಲ್ಟ್ ಕದಲುವುದಿಲ್ಲ. ಭಾರವನ್ನು ಆಪ್‌ಆಂಪ್ ಹೊರುತ್ತದೆ, ಮೂಲಕ್ಕೆ ಅದರ ಅರಿವೇ ಆಗುವುದಿಲ್ಲ.

ಹನ್ನೊಂದು ಪಟ್ಟು

6 ಮತ್ತು 2ರ ನಡುವಿನ ತಂತಿಯನ್ನು ತೆಗೆದು ಆ ಜಾಗದಲ್ಲಿ 10 ಕಿಲೋ ಓಮ್ ಹಾಕಿ. 2ರಿಂದ ಶೂನ್ಯಕ್ಕೆ 1 ಕಿಲೋ ಓಮ್ ಹಾಕಿ. ರೆಸಿಸ್ಟರಿನ ಬಣ್ಣದ ಪಟ್ಟಿಯನ್ನು ನಂಬಿ ಕೂರಬೇಡಿ. ಒಂದರ ಕೆಂಪೂ ಇನ್ನೊಂದರ ಕಿತ್ತಳೆಯೂ ಮೋಡ ಕವಿದ ಮಧ್ಯಾಹ್ನದ ಬೆಳಕಿನಲ್ಲಿ ಒಂದೇ ಥರ ಕಾಣುತ್ತವೆ, ಆದುದರಿಂದ ಪ್ರತಿಯೊಂದನ್ನೂ ಅಳೆದು ಹಾಕಿ. ಇನ್‌ಪುಟ್‌ಗಾಗಿ +9ರಿಂದ 47 ಕಿಲೋ ಓಮ್, ಅದರ ಕೆಳಗೆ ಪಾಟ್, ಪಾಟಿನ ಇನ್ನೊಂದು ತುದಿ ಶೂನ್ಯಕ್ಕೆ, ನಡುಗಾಲು 3ಕ್ಕೆ. ಹೀಗೆ 0ಯಿಂದ ಸುಮಾರು 1.5 ವೋಲ್ಟ್‌ವರೆಗೆ ನಯವಾಗಿ ತಿರುಗಿಸಬಹುದು.

ಪಾಟನ್ನು 0.2 ವೋಲ್ಟ್‌ಗೆ ತನ್ನಿ. ಈಗ ಮಲ್ಟಿಮೀಟರನ್ನು 2ಕ್ಕೆ ಮುಟ್ಟಿಸಿದರೆ ಅಲ್ಲಿಯೂ 0.2 ಕಾಣುತ್ತದೆ, ಏಕೆಂದರೆ ಎರಡು ಇನ್‌ಪುಟ್‌ಗಳು ಸಮವಾಗುವವರೆಗೂ ಆಪ್‌ಆಂಪ್ ತನ್ನ ಔಟ್‌ಪುಟ್ ಬದಲಿಸುತ್ತಲೇ ಹೋಗುತ್ತದೆ. 1 ಕಿಲೋ ಓಮ್‌ನ ಮೇಲೆ 0.2 ವೋಲ್ಟ್ ಇದ್ದರೆ ಅದರಲ್ಲಿ 0.2 ಮಿಲಿಆಂಪಿಯರ್ ಹರಿಯುತ್ತದೆ. ಇನ್‌ಪುಟ್ ಕಾಲು ಹೆಚ್ಚುಕಡಿಮೆ ಏನನ್ನೂ ಸೆಳೆಯದ ಕಾರಣ ಅಷ್ಟೂ ಕರೆಂಟ್ 10 ಕಿಲೋ ಓಮ್ ಮೂಲಕವೇ ಬಂದಿರಬೇಕು. ಅಲ್ಲಿಗೆ 2 ವೋಲ್ಟ್. ಎರಡೂ ಸೇರಿ ಔಟ್‌ಪುಟ್ 2.2 ವೋಲ್ಟ್, ಅಂದರೆ 11 ಪಟ್ಟು. ಈ ಒಂದು ಲೆಕ್ಕವನ್ನು ಕೈಯಾರೆ ಮಾಡಿ ಅಳೆದು ನೋಡಿದವರಿಗೆ ಸೂತ್ರ ಕಂಠಪಾಠ ಮಾಡುವ ಅಗತ್ಯ ಉಳಿಯುವುದಿಲ್ಲ.

ಇಲ್ಲಿಗೆ ನಿಲ್ಲಿಸಬೇಡಿ. ಪಾಟನ್ನು ತಿರುಗಿಸಿ ಇನ್‌ಪುಟ್ ಅನ್ನು 1 ವೋಲ್ಟ್‌ಗೆ ಏರಿಸಿ. 11 ವೋಲ್ಟ್ ಬರಬೇಕಿತ್ತು. ಬರುವುದು ಸುಮಾರು 8. ಸಪ್ಲೈಯನ್ನು ಮೀರಿ ಔಟ್‌ಪುಟ್ ಹೋಗಲಾರದು, 741ಕ್ಕೆ ಸಪ್ಲೈಯ ಅಂಚನ್ನು ಮುಟ್ಟುವುದೂ ಆಗದು. ಈಗ 2ನೆಯ ಕಾಲನ್ನು ಅಳೆಯಿರಿ: 3ರಲ್ಲಿ 1 ವೋಲ್ಟ್ ಇದ್ದರೂ 2ರಲ್ಲಿ 0.73ರ ಆಸುಪಾಸು ಮಾತ್ರ ಇರುತ್ತದೆ. ಎರಡೂ ಇನ್‌ಪುಟ್ ಸಮ ಎಂಬ ನಿಯಮ ನಿಮ್ಮ ಕಣ್ಣೆದುರಿಗೇ ಮುರಿದಿದೆ. ಪಠ್ಯಪುಸ್ತಕ ಓದಿದವರು ಈ ನಿಯಮವನ್ನು ಆಪ್‌ಆಂಪಿನ ಹುಟ್ಟುಗುಣವೆಂದು ನಂಬಿರುತ್ತಾರೆ. ಫೀಡ್‌ಬ್ಯಾಕ್ ಮೈನಸ್ ಇನ್‌ಪುಟ್‌ಗೆ ಬರುತ್ತಿದ್ದು, ಔಟ್‌ಪುಟ್‌ಗೆ ಓಡಾಡಲು ಜಾಗವಿದ್ದಾಗ ಮಾತ್ರ ಅದು ನಿಜ. ಸರ್ಕ್ಯೂಟ್ ಕೆಲಸ ಮಾಡದಿದ್ದಾಗ ನಾನು ಮೊದಲು ಅಳೆಯುವುದು 2 ಮತ್ತು 3ರ ನಡುವಿನ ವ್ಯತ್ಯಾಸವನ್ನೇ. ಅಲ್ಲಿ ಹತ್ತಾರು ಮಿಲಿವೋಲ್ಟ್ ಕಂಡರೆ ಔಟ್‌ಪುಟ್ ತುದಿಗೆ ಹೋಗಿ ಸಿಕ್ಕಿಕೊಂಡಿದೆ, ಇಲ್ಲವೇ ಫೀಡ್‌ಬ್ಯಾಕ್ ತಂತಿ ಕಳಚಿದೆ, ಇಲ್ಲವೇ ಅದು 2ರ ಬದಲು 3ಕ್ಕೆ ಹೋಗಿದೆ.

ಚಿಹ್ನೆ ತಿರುಗಿಸುವ ವರ್ಧಕ ಇದರ ನಂತರ ಸುಲಭ: 3ನ್ನು ಶೂನ್ಯಕ್ಕೆ ಕಟ್ಟಿ, ಸಿಗ್ನಲನ್ನು 10 ಕಿಲೋ ಓಮ್ ಮೂಲಕ 2ಕ್ಕೆ ಕೊಟ್ಟು, 6ರಿಂದ 2ಕ್ಕೆ 100 ಕಿಲೋ ಓಮ್ ಹಾಕಿದರೆ ಗೇನ್ −10.

ಕಾಫಿ ಕಣಕ್ಕೆ ಒಂದು ಉಷ್ಣಮಾಪಕ

ಕಲಿತದ್ದನ್ನು ಬಳಸಿದರೆ ಮಾತ್ರ ಉಳಿಯುತ್ತದೆ ಎಂಬುದು ನನ್ನ ಅನುಭವ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಣದಲ್ಲಿ ಕಾಫಿ ಒಣಗುವಾಗ ಟಾರ್ಪಾಲಿನ ಅಡಿಯಲ್ಲಿ ಎಷ್ಟು ಬಿಸಿಯಿದೆ ಎಂದು ತಿಳಿಯುವ ಸಣ್ಣ ಸರ್ಕ್ಯೂಟ್ ಒಂದನ್ನು ಕಟ್ಟೋಣ. ಎಲ್‌ಎಂ35 ಎಂಬ ಸೆನ್ಸರ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 10 ಮಿಲಿವೋಲ್ಟ್ ಕೊಡುತ್ತದೆ. 22 ಡಿಗ್ರಿಗೆ 0.22 ವೋಲ್ಟ್. ಅದನ್ನು 10 ಪಟ್ಟು ಹಿಗ್ಗಿಸಿದರೆ 2.20 ವೋಲ್ಟ್ ಎಂದು ನೇರವಾಗಿ ಓದಬಹುದು.

ಇಲ್ಲಿ ಒಂದೇ ಬ್ಯಾಟರಿ ಸಾಕು, ಆದರೆ 741 ಆಗದು. ಒಂದೇ ಬ್ಯಾಟರಿಯಲ್ಲಿ ಅದರ ಮೈನಸ್ ತುದಿಯೇ ಶೂನ್ಯವಾಗುತ್ತದೆ. ಅಷ್ಟು ಅಂಚಿನಲ್ಲಿರುವ 0.22 ವೋಲ್ಟನ್ನು 741ರ ಇನ್‌ಪುಟ್ ಗ್ರಹಿಸಲಾರದು, ಔಟ್‌ಪುಟ್ ಕೂಡ ಅಷ್ಟು ಕೆಳಗಿಳಿಯಲಾರದು. ಎಲ್‌ಎಂ358 ಎರಡನ್ನೂ ಮಾಡುತ್ತದೆ. ಅದರ ಕಾಲುಗಳು ಬೇರೆ: 8 ಪ್ಲಸ್ ಸಪ್ಲೈ, 4 ಶೂನ್ಯ, 3 ಪ್ಲಸ್ ಇನ್‌ಪುಟ್, 2 ಮೈನಸ್ ಇನ್‌ಪುಟ್, 1 ಔಟ್‌ಪುಟ್. ಸೆನ್ಸರಿನ ಔಟ್‌ಪುಟ್ ಅನ್ನು 3ಕ್ಕೆ ಕೊಟ್ಟು, 1ರಿಂದ 2ಕ್ಕೆ 8.2 ಕಿಲೋ ಓಮ್ ಮತ್ತು 820 ಓಮ್ ಒಂದರ ಹಿಂದೊಂದು, 2ರಿಂದ ಶೂನ್ಯಕ್ಕೆ 1 ಕಿಲೋ ಓಮ್ ಹಾಕಿದರೆ ಗೇನ್ 10.02. ಸೆನ್ಸರನ್ನು ಉದ್ದ ತಂತಿಯಲ್ಲಿ ಕಣಕ್ಕೆ ಒಯ್ಯುವುದಾದರೆ ಅದರ ಔಟ್‌ಪುಟ್ ಕಾಲಿನ ಬುಡದಲ್ಲೇ 2 ಕಿಲೋ ಓಮ್ ಸೇರಿಸಿ. ಇಲ್ಲದಿದ್ದರೆ ತಂತಿಯ ಕೆಪಾಸಿಟೆನ್ಸಿನಿಂದ ಸೆನ್ಸರ್ ಕಂಪಿಸತೊಡಗಬಹುದು. ಐಸಿಯ ಒಳಗೆ ಇನ್ನೊಂದು ಆಪ್‌ಆಂಪ್ ಸುಮ್ಮನೆ ಕೂತಿರುತ್ತದೆ, ಅದರ ಇನ್‌ಪುಟ್‌ಗಳನ್ನು ಗಾಳಿಯಲ್ಲಿ ಬಿಡಬೇಡಿ: 6 ಮತ್ತು 7ನ್ನು ಒಟ್ಟಿಗೆ ಸೇರಿಸಿ, 5ನ್ನು ಶೂನ್ಯಕ್ಕೆ ಕಟ್ಟಿ.

ಎಲ್‌ಎಂ358ರ ಔಟ್‌ಪುಟ್ ಸಪ್ಲೈಗಿಂತ ಸುಮಾರು 1.5 ವೋಲ್ಟ್ ಕೆಳಗೆ ನಿಲ್ಲುವುದರಿಂದ ಹೊಸ ಬ್ಯಾಟರಿಯಲ್ಲಿ 75 ಡಿಗ್ರಿಯವರೆಗೆ ಓದಬಹುದು. ಕಣಕ್ಕೆ ಅದು ಧಾರಾಳ. ಇಡೀ ಸರ್ಕ್ಯೂಟ್ ಸೆಳೆಯುವುದು ಸುಮಾರು 1 ಮಿಲಿಆಂಪಿಯರ್ ಆದುದರಿಂದ ಒಳ್ಳೆಯ ಆಲ್ಕಲೈನ್ ಬ್ಯಾಟರಿ ಎರಡು ವಾರ ಬಾಳುತ್ತದೆ. ಬ್ಯಾಟರಿ 7 ವೋಲ್ಟ್‌ಗೆ ಇಳಿದರೆ ಓದಬಹುದಾದ ಮಿತಿಯೂ 55 ಡಿಗ್ರಿಗೆ ಇಳಿಯುತ್ತದೆ. ಆದ್ದರಿಂದ ಪ್ರತಿದಿನ ಬೆಳಿಗ್ಗೆ ಟಾರ್ಪಾಲು ತೆಗೆಯುವ ಮೊದಲು ಕೆಂಪು ಕಡ್ಡಿಯನ್ನು ಒಮ್ಮೆ 8ನೆಯ ಕಾಲಿಗೆ ಮುಟ್ಟಿಸಿ, ಆಮೇಲೆ 1ನೆಯ ಕಾಲಿನ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಳ್ಳಿ.