ಜಿಪಿ ಹತ್ತಿರ ಎಮರ್ಜೆನ್ಸಿ ಮಾತ್ರೆ ಕೇಳಿದ್ದು: ನನ್ನ ಅನುಭವ

ಕಾಂಡೋಮ್ ಹರಿದುಹೋದರೆ ಇಂಗ್ಲೆಂಡಿನಲ್ಲಿ ಎಲ್ಲಿಗೆ ಓಡಬೇಕು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇಲ್ಲಿಗೆ ಹೊರಡುವಾಗ ಕುಕ್ಕರಿನ ಗ್ಯಾಸ್ಕೆಟ್‌ನಿಂದ ಹುಣಸೆಹಣ್ಣಿನವರೆಗೆ ಏನೇನು ಕಟ್ಟಿಕೊಳ್ಳಬೇಕು ಅಂತ ಹೇಳುವವರು ಬೇಕಾದಷ್ಟು ಜನ ಇದ್ದರು. ಈ ವಿಷಯ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಅದಕ್ಕೇ ನಾನು ಹೇಗೆ ಮಾಡಿದೆ ಅಂತ ಬರೆಯುತ್ತಿದ್ದೇನೆ. ಫೋನಿನಲ್ಲಿ ಬಾಯಿಬಿಟ್ಟು ಕೇಳುವುದೇ ಇದರಲ್ಲಿ ಕಷ್ಟದ ಕೆಲಸ. ಕೇಳಿದ ಮೇಲೆ ಉಳಿದದ್ದು ತಾನಾಗಿ ನಡೆಯುತ್ತದೆ.

ನಾವಿರುವುದು ರೆಡಿಂಗ್‌ನಲ್ಲಿ. ಮಗಳಿಗೆ ಆಗ ಒಂದು ವರ್ಷ ದಾಟಿತ್ತು. ರಾತ್ರಿ ಹೊತ್ತು ಇನ್ನೂ ನನ್ನ ಹಾಲು ಕುಡಿಯುತ್ತಿದ್ದಳು. ಮುಟ್ಟು ಮತ್ತೆ ಶುರುವಾಗಿ ಕೆಲವು ತಿಂಗಳಾಗಿತ್ತು. ಕಾಂಡೋಮ್ ಹರಿದ ಆ ರಾತ್ರಿ ಲೆಕ್ಕ ಹಾಕಿದರೆ ಮುಟ್ಟಿನ ತಿಂಗಳ ಸರಿಯಾದ ನಡುಭಾಗ! ನನ್ನ ಗಂಡ, ಬಸಿರಾಗದ ಹಾಗೆ ಆಮೇಲೆ ನುಂಗುವ ಎಮರ್ಜೆನ್ಸಿ ಮಾತ್ರೆಯನ್ನು ಬೆಳಿಗ್ಗೆ ಫಾರ್ಮಸಿಗೆ ಹೋಗಿ ಕೊಂಡುಕೊಂಡು ಬಂದರಾಯಿತು ಅಂದರು. ಆಗ ನಮ್ಮ ಕಡೆ ಫಾರ್ಮಸಿಯಲ್ಲಿ ಆ ಮಾತ್ರೆಗೆ ಇಪ್ಪತ್ತು ಮೂವತ್ತು ಪೌಂಡ್ ಕೊಡಬೇಕಿತ್ತು. ರೂಪಾಯಿಗೆ ಬದಲಾಯಿಸಿ ನೋಡುವ ಚಟ ನನಗಿನ್ನೂ ಹೋಗಿಲ್ಲ. ಊರಲ್ಲಿ ನೂರು ಚಿಲ್ಲರೆಗೆ ಸಿಗುವ ಮಾತ್ರೆ ಅದು. ಆದರೆ ಜಿಪಿ, ಅಂದರೆ ಇಲ್ಲಿ ನಮ್ಮ ಏರಿಯಾದ ಫ್ಯಾಮಿಲಿ ಡಾಕ್ಟರ್ ಕಡೆ ಹೋಗಲು ಅದಲ್ಲ ಕಾರಣ. ಹೆರಿಗೆಯಾದ ಆರೇಳು ವಾರಕ್ಕೆ ಇಲ್ಲಿ ತಾಯಿಗೂ ಒಂದು ಚೆಕಪ್ ಇರುತ್ತದೆ. ಆಗ ಡಾಕ್ಟರ್, ಗರ್ಭನಿರೋಧಕ ಏನೇ ಬೇಕಾದರೂ ಬಂದು ಕೇಳಿ, ಎಲ್ಲವೂ ಉಚಿತ ಅಂದಿದ್ದರು. ಎದೆಹಾಲು ಕೊಡುತ್ತಿರುವಾಗ ಯಾವ ಮಾತ್ರೆ ನುಂಗಬಹುದು ಅನ್ನುವ ಅನುಮಾನವೂ ಇತ್ತು. ಡಾಕ್ಟರನ್ನೇ ಕೇಳೋಣ ಅನ್ನಿಸಿತು.

ಜಿಪಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಫೋನ್ ಲೈನ್ ತೆರೆಯುತ್ತದೆ. ಎಂಟಕ್ಕೆ ಒಂದು ನಿಮಿಷ ತಡವಾದರೂ ಕ್ಯೂನಲ್ಲಿ ನೀವು ಹದಿನೆಂಟನೆಯವರು ಅಂತ ಯಂತ್ರ ಹೇಳುತ್ತದೆ. ಆನ್‌ಲೈನ್ ಫಾರ್ಮ್ ಕೂಡ ಇದೆ. ಆದರೆ ಅದನ್ನು ಯಾರು ಯಾವಾಗ ಓದುತ್ತಾರೋ. ಗಂಟೆಗಳ ಲೆಕ್ಕದ ವಿಷಯಕ್ಕೆ ಫೋನೇ ಸರಿ ಅಂತ ನನ್ನ ಅಭಿಪ್ರಾಯ.

ಆಗ ನಮ್ಮ ಅತ್ತೆ ಆರು ತಿಂಗಳಿಗೆ ಅಂತ ಬಂದಿದ್ದರು. ಅಡುಗೆಮನೆ, ಹಾಲ್ ಎಲ್ಲ ಒಂದೇ ಇರುವ ಮನೆ. ಅತ್ತೆಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ಆದರೆ 'ಎಮರ್ಜೆನ್ಸಿ' ಅನ್ನುವುದು ಯಾರ ಕಿವಿಗೆ ಬಿದ್ದರೂ ಗಾಬರಿಯೇ ಅಲ್ವಾ. ಮಗಳನ್ನು ಪ್ರ್ಯಾಮ್‌ನಲ್ಲಿ ಕೂರಿಸಿಕೊಂಡು ರಸ್ತೆಗೆ ಬಂದು ಫೋನ್ ಹಚ್ಚಿದೆ. ರಿಸೆಪ್ಷನಿಸ್ಟ್ ಏನು ತೊಂದರೆ ಅಂತ ಕೇಳಿದರು. ಅವರು ಕೇಳೇ ಕೇಳುತ್ತಾರೆ. ಕುತೂಹಲಕ್ಕಲ್ಲ, ಯಾರನ್ನು ಇವತ್ತೇ ನೋಡಬೇಕು ಅಂತ ಆರಿಸಲಿಕ್ಕೆ. 'ಸ್ವಲ್ಪ ಪರ್ಸನಲ್' ಅಂದರೆ ಮುಂದಿನ ವಾರಕ್ಕೆ ಬರೆದುಬಿಟ್ಟರೆ ಗತಿ ಏನು? ಅದಕ್ಕೇ ನೇರವಾಗಿ ಹೇಳಿದೆ: 'ಐ ನೀಡ್ ಎಮರ್ಜೆನ್ಸಿ ಕಾಂಟ್ರಾಸೆಪ್ಷನ್. ಇಟ್ ಹ್ಯಾಪನ್ಡ್ ಲಾಸ್ಟ್ ನೈಟ್.' ಅಂದರೆ ತುರ್ತು ಗರ್ಭನಿರೋಧಕ ಬೇಕು, ನಿನ್ನೆ ರಾತ್ರಿ ನಡೆದದ್ದು. ಇಷ್ಟೇ. ಆ ಕಡೆಯಿಂದ ಆಶ್ಚರ್ಯವೂ ಇಲ್ಲ, ಉಪದೇಶವೂ ಇಲ್ಲ. ಬಸ್ ಟಿಕೆಟ್ ಕೊಟ್ಟಷ್ಟು ಸಲೀಸಾಗಿ ಅದೇ ಬೆಳಿಗ್ಗೆಗೆ ಟೈಮ್ ಕೊಟ್ಟರು. ಹೆಂಗಸು ಡಾಕ್ಟರ್ ಬೇಕು ಅಂದೆ, ಅದೂ ಸಿಕ್ಕಿತು. ಕೇಳಿದರೆ ಪ್ರಯತ್ನ ಮಾಡುತ್ತಾರೆ, ಆದರೆ ಅದಕ್ಕಾಗಿ ಹೊತ್ತು ಕಳೆಯಬೇಡಿ.

ಮೂರು ವಿಷಯ ಮೊದಲೇ ನೆನಪು ಮಾಡಿಕೊಂಡು ಹೋಗಿದ್ದೆ: ಎಷ್ಟು ಗಂಟೆಗೆ ನಡೆದದ್ದು, ಹಿಂದಿನ ಮುಟ್ಟಿನ ಮೊದಲ ದಿನ ಯಾವುದು, ಸಾಮಾನ್ಯವಾಗಿ ಎಷ್ಟು ದಿನಕ್ಕೊಮ್ಮೆ ಆಗುತ್ತದೆ. ಡಾಕ್ಟರ್ ಕೇಳಿದ್ದೂ ಅದನ್ನೇ. ಆಮೇಲೆ ಈ ತಿಂಗಳಲ್ಲಿ ಬೇರೆ ಯಾವಾಗಲಾದರೂ ರಕ್ಷಣೆಯಿಲ್ಲದೆ ಸೇರಿದ್ದು ಇದೆಯಾ, ತೂಕ ಎಷ್ಟು, ಅಸ್ತಮಾ ಇದೆಯಾ, ಏನಾದರೂ ಮಾತ್ರೆ ತಗೊಳ್ತಿದ್ದೀರಾ ಅಂತ ಕೇಳಿದರು. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಟಿಬಿಗೆ ಕೊಡುವ ರಿಫಾಂಪಿಸಿನ್ ಥರದ ಔಷಧಿಗಳು ಈ ಮಾತ್ರೆಯ ಬಲ ಇಳಿಸುತ್ತವಂತೆ. ನಾನು ಊರಿಂದ ತಂದಿದ್ದ ಆಯುರ್ವೇದದ ಲೇಹ್ಯದ ಡಬ್ಬಿಯ ಫೋಟೋ ಕೂಡ ತೋರಿಸಿದೆ. ನಗಲಿಲ್ಲ, ಓದಿ ನೋಡಿದರು.

ಮದುವೆಯಾಗಿದೆಯಾ ಅಂತ ಮಾತ್ರ ಕೇಳಲೇ ಇಲ್ಲ. ಬೆಂಗಳೂರಿನಲ್ಲಿ ಬರೀ ಹೊಟ್ಟೆನೋವು ಅಂತ ಹೋದರೂ ನನಗೆ ಮೊದಲು ಬೀಳುತ್ತಿದ್ದ ಪ್ರಶ್ನೆ ಅದು. ಇಲ್ಲಿ ಬೇರೊಂದು ಕೇಳಿದರು: ಇದು ನಿಮ್ಮ ಒಪ್ಪಿಗೆಯಿಂದ ನಡೆದದ್ದಾ, ಮನೆಯಲ್ಲಿ ನಿಮಗೆ ಸುರಕ್ಷಿತ ಅನ್ನಿಸುತ್ತದಾ? ಮೊದಲು ಕಸಿವಿಸಿಯಾಯಿತು. ಎಲ್ಲರಿಗೂ ಕೇಳುತ್ತೇವೆ ಅಂದರು. ಇದನ್ನು ಕೇಳಬೇಕು ಅಂತಲೇ ಗಂಡ ಜೊತೆಗೆ ಬಂದರೂ ಸ್ವಲ್ಪ ಹೊತ್ತು ಹೊರಗೆ ಕೂರಿ ಅನ್ನುತ್ತಾರೆ. ಹೊಸದಾಗಿ ಬಂದು ಇಲ್ಲಿ ಗಂಡನ ಕಡೆಯವರನ್ನು ಬಿಟ್ಟು ಯಾರನ್ನೂ ಅರಿಯದ ಹುಡುಗಿಯರು ಎಷ್ಟು ಜನ ಇದ್ದಾರೆ. ಅಂಥವರಿಗೆ ಆ ಬಾಗಿಲು ಮುಚ್ಚಿದ ಐದು ನಿಮಿಷ ಬಹಳ ದೊಡ್ಡದು. ಇಂಗ್ಲಿಷ್ ಕಷ್ಟ ಅನ್ನುವವರು ಫೋನ್ ಮಾಡುವಾಗಲೇ ಕನ್ನಡದ ಇಂಟರ್‌ಪ್ರಿಟರ್ ಬೇಕು ಅಂತ ಕೇಳಿ. ಅದಕ್ಕೂ ದುಡ್ಡಿಲ್ಲ. ಗಂಡನನ್ನೋ ಮೈದುನನನ್ನೋ ನಡುವೆ ಕೂರಿಸಿಕೊಂಡು ಹೇಳುವ ವಿಷಯ ಅಲ್ಲ ಇದು.

ಈಗ ಮಾತ್ರೆಯ ವಿಷಯ. ಇಲ್ಲಿ ಎರಡು ಥರ ಇವೆ. ಒಂದು ಲೆವೊನೋರ್ಜೆಸ್ಟ್ರೆಲ್ 1.5 ಮಿಲಿಗ್ರಾಂ. ನಮ್ಮೂರಿನ ಐ-ಪಿಲ್ ಇದೆಯಲ್ಲ, ಅದರೊಳಗಿರುವುದೂ ಇದೇ. ಸೇರಿದ 72 ಗಂಟೆಯೊಳಗೆ ನುಂಗಬೇಕು. ಇನ್ನೊಂದು ಯುಲಿಪ್ರಿಸ್ಟಲ್ 30 ಮಿಲಿಗ್ರಾಂ, ಅಂಗಡಿಯಲ್ಲಿ ಎಲ್ಲಾವನ್ ಅನ್ನುವ ಹೆಸರಲ್ಲಿ ಬರುತ್ತದೆ. ಅದಕ್ಕೆ 120 ಗಂಟೆ, ಅಂದರೆ ಐದು ದಿನ. ಎರಡೂ ಮಾಡುವ ಕೆಲಸ ಅಂಡ ಹೊರಬರುವುದನ್ನು ಮುಂದಕ್ಕೆ ಹಾಕುವುದು. ಆಗಲೇ ನಿಂತ ಗರ್ಭವನ್ನು ತೆಗೆಯುವ ಮಾತ್ರೆ ಇದಲ್ಲ. ಎಷ್ಟೋ ಹೆಂಗಸರು ಅದು ಪಾಪದ ಕೆಲಸ ಅಂದುಕೊಂಡೇ ಹಿಂಜರಿಯುತ್ತಾರೆ, ಅದಕ್ಕೆ ಹೇಳಿದೆ. ಆದರೆ ಅಂಡ ಆಗಲೇ ಹೊರಬಂದಿದ್ದರೆ ಮಾತ್ರೆಯಿಂದ ಹೆಚ್ಚು ಉಪಯೋಗವಿಲ್ಲ. ತಾರೀಖು ಅಷ್ಟು ಕೆದಕಿ ಕೇಳುವುದು ಇದಕ್ಕೇ. ನಾನಂತೂ ತಿಂಗಳ ನಡುವಿನಲ್ಲಿದ್ದೆ.

ಅಂಥ ಹೊತ್ತಿಗೆ ಯುಲಿಪ್ರಿಸ್ಟಲ್ ಹೆಚ್ಚು ಒಳ್ಳೆಯದಂತೆ. ಆದರೆ ಅದನ್ನು ತಗೊಂಡರೆ ಒಂದು ವಾರ ಮಗುವಿಗೆ ಎದೆಹಾಲು ಕೊಡಬೇಡಿ, ಹಿಂಡಿ ಚೆಲ್ಲಿ ಅಂತ ಅದರ ಚೀಟಿಯಲ್ಲೇ ಇತ್ತು. ರಾತ್ರಿ ಹಾಲಿಲ್ಲದೆ ನಿದ್ದೆಯೇ ಮಾಡದ ನನ್ನ ಮಗಳನ್ನು ನೆನೆಸಿಕೊಂಡು ನಾನು ಬೇಡ ಅಂತ ತಲೆಯಾಡಿಸಿದೆ. ಲೆವೊನೋರ್ಜೆಸ್ಟ್ರೆಲ್‌ಗೆ ಆ ತಾಪತ್ರಯವಿಲ್ಲ. ಆದರೆ 70 ಕೆಜಿ ದಾಟಿದವರಿಗೆ ಒಂದು ಮಾತ್ರೆ ಸಾಲುವುದಿಲ್ಲ, ಎರಡು ಕೊಡುತ್ತಾರೆ. ಹೆರಿಗೆಯ ನಂತರ ನಾನು ಆ ಗೆರೆ ದಾಟಿ ಆರಾಮಾಗಿದ್ದೆ. ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ಐ-ಪಿಲ್ ಇಟ್ಟುಕೊಂಡು ಬರುವ ಗೆಳತಿಯರು ನನಗೆ ಗೊತ್ತು. ಔಷಧಿ ಅದೇ, ಸುಳ್ಳಲ್ಲ. ಆದರೆ ಡಬ್ಬಿ ನಿಮ್ಮ ತೂಕ ಕೇಳುವುದಿಲ್ಲ, ತಾರೀಖು ಕೇಳುವುದಿಲ್ಲ.

ಇಷ್ಟು ಹೇಳಿ ಡಾಕ್ಟರ್ ಇನ್ನೊಂದು ಮಾತು ತೆಗೆದರು. ಎಲ್ಲಕ್ಕಿಂತ ಗಟ್ಟಿಯಾದದ್ದು ಗರ್ಭಕೋಶದೊಳಗೆ ಕೂರಿಸುವ ಕಾಪರ್-ಟಿ, ಅಂದರೆ ನಮ್ಮ ಅಮ್ಮಂದಿರು ವಂಕಿ ಅನ್ನುತ್ತಿದ್ದರಲ್ಲ, ಅದು. ಸೇರಿದ ಐದು ದಿನದೊಳಗೆ ಹಾಕಿಸಿಕೊಂಡರೆ 99ಕ್ಕೂ ಹೆಚ್ಚು ಪರ್ಸೆಂಟ್ ಕೆಲಸ ಮಾಡುತ್ತದೆ. ತೂಕದ ತಕರಾರಿಲ್ಲ, ಎದೆಹಾಲಿಗೆ ತೊಂದರೆಯಿಲ್ಲ. ಹಾಗೇ ಬಿಟ್ಟರೆ ಯಾವ ಥರದ್ದು ಅನ್ನುವುದರ ಮೇಲೆ ಐದೋ ಹತ್ತೋ ವರ್ಷ ಬಸಿರಿನ ಚಿಂತೆಯೂ ಇಲ್ಲ. ಇದೂ ಉಚಿತ. ತುರ್ತಿಗೆ ಮಾತ್ರೆ ಮಾತ್ರ ಅಂದುಕೊಂಡಿದ್ದ ನನಗೆ ಇದು ಹೊಸ ವಿಷಯ.

ವಂಕಿ ಅಂದ ತಕ್ಷಣ ನನ್ನ ತಲೆಗೆ ಬಂದದ್ದು ಹಾಸನದ ದೊಡ್ಡಮ್ಮನ ಮಾತು. ಅದು ಮೇಲೆ ಮೇಲೆ ಹತ್ತಿ ಎದೆಗೆ ಹೋಗುತ್ತೆ ಅಂತ ಅವರು ಹೇಳುತ್ತಿದ್ದರು. ಡಾಕ್ಟರಿಗೂ ಇದನ್ನೇ ಕೇಳಿದೆ. ಅವರು ಗರ್ಭಕೋಶದ ಚಿತ್ರ ಬರೆದು ತೋರಿಸಿದರು. ಅಲ್ಲಿಂದ ಎದೆಗೆ ದಾರಿಯೇ ಇಲ್ಲ. ಅಪರೂಪಕ್ಕೆ ಜಾರಿ ಕೆಳಗೆ ಬರಬಹುದು, ತೀರಾ ಅಪರೂಪಕ್ಕೆ ಹಾಕುವಾಗ ಗರ್ಭಕೋಶದ ಗೋಡೆಗೆ ಚುಚ್ಚಬಹುದು ಅಂತ ಅದನ್ನೂ ಮುಚ್ಚಿಡದೆ ಹೇಳಿದರು. ಆ ಪ್ರಾಮಾಣಿಕತೆಗೇ ನನಗೆ ಧೈರ್ಯ ಬಂದಿದ್ದು.

ನಮ್ಮ ಜಿಪಿಯಲ್ಲಿ ವಂಕಿ ಹಾಕುವವರು ಆ ವಾರ ಇರಲಿಲ್ಲ. ಸೆಕ್ಷುವಲ್ ಹೆಲ್ತ್ ಕ್ಲಿನಿಕ್‌ಗೆ ಅವರೇ ಫೋನ್ ಮಾಡಿ, ಗಡುವಿನೊಳಗೆ ಟೈಮ್ ಕೊಡಿಸಿದರು. ಆದರೂ ಮಾತ್ರೆ ಇವತ್ತೇ ನುಂಗಿಬಿಡಿ ಅಂದರು. ಕ್ಲಿನಿಕ್‌ನಲ್ಲಿ ಏನಾದರೂ ಎಡವಟ್ಟಾದರೆ ಇದೊಂದು ಆಧಾರ ಇರಲಿ ಅಂತ. ಚೀಟಿ ಕಂಪ್ಯೂಟರಿನಲ್ಲೇ ಪಕ್ಕದ ಫಾರ್ಮಸಿಗೆ ಹೋಯಿತು. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಒಂದೊಂದು ಔಷಧಿಗೆ 9.90 ಪೌಂಡ್ ಚಾರ್ಜ್ ಇದೆ, ಆದರೆ ಗರ್ಭನಿರೋಧಕಕ್ಕೆ ಅದೂ ಇಲ್ಲ. ಪೊಟ್ಟಣ ಕೈಗಿಟ್ಟು ಕಳಿಸಿದರು. ಬೆಳಿಗ್ಗೆ ಉಪ್ಪಿಟ್ಟು ತಿಂದಿದ್ದೆ, ಅಲ್ಲೇ ನೀರು ಕೇಳಿ ನುಂಗಿದೆ. ಮೂರು ಗಂಟೆಯೊಳಗೆ ವಾಂತಿಯಾದರೆ ಮತ್ತೆ ತಗೊಳ್ಳಬೇಕು. ನನಗೆ ಸಂಜೆ ಸ್ವಲ್ಪ ತಲೆಸುತ್ತು, ಅಷ್ಟೇ.

ಕ್ಲಿನಿಕ್‌ನಲ್ಲಿ ವಂಕಿ ಹಾಕುವಾಗ ನೋವಾಯಿತು. ಆಗಲಿಲ್ಲ ಅಂತ ಸುಮ್ನೆ ಯಾಕೆ ಹೇಳಲಿ. ಮುಟ್ಟಿನ ಹೊಟ್ಟೆನೋವನ್ನು ಒಂದೇ ಸಲ ಹಿಂಡಿ ಕೊಟ್ಟ ಹಾಗೆ, ಒಂದೆರಡು ನಿಮಿಷ. ಹೋಗುವ ಮುಂಚೆ ಒಂದು ನೋವಿನ ಮಾತ್ರೆ ತಗೊಳ್ಳಿ, ಮರಗಟ್ಟಿಸುವ ಔಷಧಿ ಇದೆಯಾ ಅಂತಲೂ ಕೇಳಿ. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಕೆಲವೊಮ್ಮೆ ನೆನಪು ಮಾಡುವುದಿಲ್ಲ. ಮೊದಲ ಕೆಲವು ತಿಂಗಳು ಮುಟ್ಟು ಜೋರಾಗಿ ಹೋಯಿತು. ಆಮೇಲೆ ಹದಕ್ಕೆ ಬಂತು.

ದುಡ್ಡಿನ ಬಗ್ಗೆ ಒಂದು ತಪ್ಪು ಕಲ್ಪನೆ ನಮ್ಮವರಲ್ಲಿ ಇದೆ. ಡಿಪೆಂಡೆಂಟ್ ವೀಸಾ, ಸ್ಟೂಡೆಂಟ್ ವೀಸಾದವರಿಗೆ ಇದೆಲ್ಲ ಸಿಗಲ್ಲ ಅಂತ. ಸಿಗುತ್ತದೆ. ವೀಸಾದ ಜೊತೆಗೇ ಹೆಲ್ತ್ ಸರ್ಚಾರ್ಜ್ ಅಂತ ವರ್ಷಕ್ಕೆ 1,035 ಪೌಂಡ್ ಕಿತ್ತುಕೊಂಡಿದ್ದಾರೆ, ವಿದ್ಯಾರ್ಥಿಗಳಿಗಾದರೆ 776. ಬಿಡುವುದು ಯಾಕೆ? ಅದು ಕಟ್ಟದೆ ವಿಸಿಟರ್ ಆಗಿ ಬಂದವರಿಗೂ ಜಿಪಿಯನ್ನು ನೋಡಲು ಚಾರ್ಜ್ ಇಲ್ಲ, ಗರ್ಭನಿರೋಧಕ ಸೇವೆಗೂ ಇಲ್ಲ. ಜಿಪಿಯಲ್ಲಿ ಹೆಸರು ಬರೆಸಲು ವಿಳಾಸದ ದಾಖಲೆ, ಪಾಸ್‌ಪೋರ್ಟ್ ಕೊಡಲೇಬೇಕು ಅಂತ ಕಾನೂನಿಲ್ಲ.

ಇನ್ನು ಗುಟ್ಟಿನ ವಿಷಯ. ಡಾಕ್ಟರ್ ಮನೆಯವರಿಗೆ ಹೇಳುವುದಿಲ್ಲ, ಹದಿನಾರು ತುಂಬದ ಹುಡುಗಿಯರ ವಿಷಯದಲ್ಲೂ ಸಾಮಾನ್ಯವಾಗಿ ಇದೇ ನಿಯಮ. ಗುಟ್ಟು ಹೊರಬೀಳುವುದು ಬೇರೆ ಕಡೆಯಿಂದ. ಹೊಸದಾಗಿ ಬಂದಾಗ ಜಿಪಿ ಫಾರ್ಮ್ ತುಂಬಿದವರು ಗಂಡ. ಅದರಲ್ಲಿ ಕೊಟ್ಟದ್ದು ಅವರದೇ ಮೊಬೈಲ್ ನಂಬರ್. ಅಪಾಯಿಂಟ್‌ಮೆಂಟ್ ಮೆಸೇಜ್, ಚೀಟಿ ಮೆಸೇಜ್ ಎಲ್ಲ ಆ ಫೋನಿಗೆ. ನಮ್ಮ ಮನೆಯಲ್ಲಿ ಅದರಿಂದ ತೊಂದರೆಯಿರಲಿಲ್ಲ. ಆದರೆ ಎಲ್ಲರ ಮನೆಯೂ ಒಂದೇ ಥರ ಇರಲ್ಲ ಅಲ್ವಾ. ಇವತ್ತೇ ಫೋನ್ ಮಾಡಿ ನಿಮ್ಮ ಸ್ವಂತ ನಂಬರ್ ಹಾಕಿಸಿ. ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆ್ಯಪಿನ ಪಾಸ್‌ವರ್ಡ್ ಕೂಡ ನಿಮ್ಮದೇ ಇರಲಿ, ಅದರಲ್ಲಿ ಎಲ್ಲ ದಾಖಲೆಯೂ ಕಾಣುತ್ತದೆ. ಜಿಪಿಯ ದಾಖಲೆಗೂ ಹೋಗುವುದು ಬೇಡ ಅನ್ನುವವರು ನೇರವಾಗಿ ಸೆಕ್ಷುವಲ್ ಹೆಲ್ತ್ ಕ್ಲಿನಿಕ್‌ಗೆ ಹೋಗಬಹುದು. ಅವರ ದಾಖಲೆ ಬೇರೆಯೇ ಇರುತ್ತದೆ.

ಮೂರು ವಾರ ಬಿಟ್ಟು ಪ್ರೆಗ್ನೆನ್ಸಿ ಟೆಸ್ಟ್ ಮಾಡಿ ಅಂದಿದ್ದರು. ಮಾಡಿದೆ, ಏನೂ ಇರಲಿಲ್ಲ. ಮುಟ್ಟಾಗಿದ್ದರೂ ಟೆಸ್ಟ್ ಮಾಡುವುದು ಒಳ್ಳೆಯದು, ಯಾಕೆಂದರೆ ಮಾತ್ರೆಯ ನಂತರ ತಾರೀಖು ಹಿಂದೆ ಮುಂದೆ ಆಗುತ್ತದೆ.

ನನ್ನ ಕಥೆಯ ನಂತರ ಇಲ್ಲಿ ಒಂದು ಬದಲಾವಣೆಯಾಗಿದೆ. 2025ರ ಅಕ್ಟೋಬರ್ ಕೊನೆಯಿಂದ ಇಂಗ್ಲೆಂಡಿನ ಫಾರ್ಮಸಿಗಳಲ್ಲೂ ಈ ಮಾತ್ರೆ ಉಚಿತ. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಅದಕ್ಕೂ ಎಷ್ಟೋ ವರ್ಷ ಮುಂಚಿನಿಂದ ಇತ್ತು. ಜಿಪಿಯಲ್ಲಿ ಅವತ್ತೇ ಟೈಮ್ ಸಿಗದಿದ್ದರೆ ಕಾಯಬೇಡಿ, ಫಾರ್ಮಸಿಗೆ ಹೋಗಿ, ಪಕ್ಕದ ಸಣ್ಣ ಕೋಣೆಯಲ್ಲಿ ಮಾತಾಡಬೇಕು ಅನ್ನಿ. ಬೇರೆ ಔಷಧಿ ತಗೊಳ್ಳುವವರು, ವಂಕಿಯ ಬಗ್ಗೆ ಯೋಚನೆ ಇರುವವರು ಮಾತ್ರ ಮಾತ್ರೆ ನುಂಗಿದ ಮೇಲೂ ಜಿಪಿಗೆ ಫೋನ್ ಮಾಡಿ. ಶನಿವಾರ ಭಾನುವಾರ, ಬ್ಯಾಂಕ್ ಹಾಲಿಡೇ ದಿನ ಎಲ್ಲ ಮುಚ್ಚಿದ್ದರೆ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ, ಹತ್ತಿರ ಯಾವುದು ತೆರೆದಿದೆ ಅಂತ ಅವರೇ ಹೇಳುತ್ತಾರೆ. ಆ ಫೋನಿಗೂ ಕಾಸಿಲ್ಲ.